ಹಡಗಿನ ಊಟಕ್ಕೆ ಪೇಟ ಬೇಡವಂತೆ

ಗೆಳೆಯರೇ, ಇವತ್ತು ಬೆಳಿಗ್ಗೆ ಹುಣಸೂರಿನ ನಮ್ಮ ಮನೆಗೆ ಅಂಚೆಯವನು ಒಂದು ಕಾಗದ ತಂದ. ಒಲೆಗಿಂತ ಮೊದಲು ನಾವೇ ಹೊತ್ತಿಕೊಂಡೆವು.

ಅಣ್ಣ ಓದಲು ನಾಳಿದ್ದು ವಿಲಾಯಿತಿಗೆ ಹೊರಡುತ್ತಾನೆ. ಹಡಗಿನ ರಾತ್ರಿಯೂಟಕ್ಕೆ ನಮ್ಮ ದರ್ಬಾರಿನ ಉಡುಪೇ ಸಾಕೆಂದು ಹಡಗಿನ ಕಂಪನಿಯವರೇ ಹಿಂದೆ ಬರೆದಿದ್ದರು. ಅದನ್ನು ನಂಬಿ ದರ್ಜಿ ಸಾಬ್ಜಾನ್ ಮಂಡಿ ಮುಟ್ಟುವ ಕರಿ ಕೋಟು ಹೊಲಿದ. ಅಪ್ಪ ತಮ್ಮ ಜರಿಪೇಟ ಕೊಟ್ಟರು. ಈಗ ಅವರದೇ ಈ ಕಾಗದದಲ್ಲಿ ನಿಯಮ ಬದಲಾಯಿತಂತೆ! ಕೋಟು ಸೊಂಟಕ್ಕೇ ನಿಲ್ಲಬೇಕು, ತಲೆ ಬರಿದಾಗಿರಬೇಕು, ಇಲ್ಲದಿದ್ದರೆ ಊಟದ ಕೋಣೆಗೆ ಬಿಡುವುದಿಲ್ಲವಂತೆ.

ಸುದ್ದಿ ಕೇಳಿ ಸಾಬ್ಜಾನ್ ಕತ್ತರಿ ಹಿಡಿದೇ ಓಡಿ ಬಂದ.

"ಗೌಡ್ರೇ, ಕೋಟು ಬೇಕಾದ್ರೆ ಕತ್ತರಿಸ್ತೀನಿ. ಪೇಟದ ಇಸ್ಯ ನನ್ ಕೈಲಿಲ್ಲ."

ಅಪ್ಪ ಸಿಡಿದರು. "ನಾಕು ಜನದ ಮುಂದೆ ನನ್ ಮಗ ಸೂತಕದೋನಂಗೆ ಬರೀ ತಲೇಲಿ ಉಣ್ಣಕ್ಕೆ ಕೂತ್ಕಳಕೆ ನಾನೇನು ಸತ್ತೋಗಿವ್ನಾ? ಇನ್ನೂ ಬದುಕಿವ್ನಿ ಕಣ್ಲಾ!"

ಮಹಾರಾಜರ ಮುಂದೆ ನಿಲ್ಲಬಹುದಾದ ಪೇಟ, ಇವರ ಬೇಯಿಸಿದ ಆಲೂಗೆಡ್ಡೆಯ ಮುಂದೆ ಕೂರಬಾರದೇ? ನನಗೂ ಮೈ ಉರಿಯಿತು.

ಅಣ್ಣ ಮಾತ್ರ ಕೋಟನ್ನು ಮೆಲ್ಲಗೆ ಮಡಿಸಿದ. "ಬುಡು ಸಾಬಣ್ಣ, ಕತ್ರಿ ಒಳಗಿಡು. ಅವ್ವಾ, ಉರಿಹಿಟ್ಟು ಎಷ್ಟೈತೆ?"

ಅವ್ವ ಆಗಲೇ ರಾಗಿ ಹುರಿಯಲು ಬಾಣಲೆ ಇಟ್ಟಿದ್ದಳು. "ಸಮುದ್ರ ಮುಗಿಯೋಗಂಟ ಆಯ್ತದೆ ಮಗ."

ಅಣ್ಣ ಪೇಟ ಸುತ್ತಿಕೊಂಡೇ ಹಡಗಿನ ತನ್ನ ಕೋಣೆಯಲ್ಲಿ ಉಣ್ಣುತ್ತಾನೆ. ಹುರಿಹಿಟ್ಟಿಗೆ ಎಂಥ ಕೋಟು ಹಾಕಬೇಕೆಂದು ಕಂಪನಿಯವರು ಇನ್ನೊಂದು ಕಾಗದ ಬರೆಯಲಿ, ನೋಡೋಣ!