ಸುಂದರಿಯ ಕಕ್ಕಸು ಕಟ್ಟಿದ ದಿನ

ಹಂಗಾರಕಟ್ಟೆಯ ಸುಂದರಿಗೆ ಅಕ್ಕಪಕ್ಕದವರ ಚಿನ್ನ ಕಂಡು ಹೊಟ್ಟೆ ಉರಿದದ್ದಿಲ್ಲ, ಸೀರೆ ಕಂಡು ಉರಿದದ್ದೂ ಇಲ್ಲ. ಐವತ್ತು ದಾಟಿದ ಮೇಲೆ ಉರಿಯಿತು ನೋಡಿ, ಅದೂ ಪಕ್ಕದ ಮನೆ ಗಿರಿಜಕ್ಕನ ಕಕ್ಕಸಿನ ದೆಸೆಯಿಂದ. ನಗಬೇಡಿ. ಹೊಟ್ಟೆಕಿಚ್ಚು ಹುಟ್ಟುವುದಕ್ಕೆ ಚಂದದ ಜಾಗವೇ ಆಗಬೇಕೆಂದು ಯಾರೂ ಬರೆದಿಟ್ಟಿಲ್ಲ.

ಸುಂದರಿಯ ಗಂಡ ಸುಧಾಕರ ಮುಂಬಯಿಯ ಹೋಟೆಲೊಂದರಲ್ಲಿ ಅರ್ಧ ಆಯುಷ್ಯ ಕಳೆದು, ಮಂಡಿನೋವು ಶುರುವಾದ ಮೇಲೆ ಊರಿಗೆ ಬಂದು ನೆಲೆಸಿದವನು. ಬಂದವನಿಗೆ ಮೊಬೈಲೇ ಕೆಲಸ. ಹಾಗೆ ನೋಡುತ್ತ ನೋಡುತ್ತ ಒಂದು ಮಿಷನ್ ತರಿಸಿದ. ಗೋಡೆ ಕೊರೆಯುವ ಡ್ರಿಲ್ಲಿನ ಹಾಗೆ ಕೈಯಲ್ಲಿ ಹಿಡಿಯುವಂಥದ್ದು. ಮುಂದೊಂದು ಡಬ್ಬಿ, ಡಬ್ಬಿಯೊಳಗೆ ಸುತ್ತಿಟ್ಟ ಉದ್ದನೆಯ ಸ್ಪ್ರಿಂಗ್. ವಯರಿಲ್ಲ, ಬ್ಯಾಟರಿಯಲ್ಲೇ ನಡೆಯುತ್ತದೆ. ಸ್ಪ್ರಿಂಗನ್ನು ಕಮೋಡಿನೊಳಗೆ ಇಳಿಸಿ ಗುಂಡಿ ಒತ್ತಿದರೆ ಗರಗರ ತಿರುಗುತ್ತ ಒಳಗೆ ನುಗ್ಗಿ, ಕಟ್ಟಿಕೊಂಡದ್ದನ್ನು ಬಿಡಿಸುತ್ತದೆ, ಇಲ್ಲವೇ ಕಚ್ಚಿ ಹೊರಗೆಳೆಯುತ್ತದೆ.

ಅದರ ಮೊದಲ ಪೂಜೆ ಆದದ್ದು ಗಿರಿಜಕ್ಕನ ಮನೆಯಲ್ಲಿ. ಗಿರಿಜಕ್ಕನ ಗಂಡ ಮಂಜಯ್ಯನವರದ್ದು ಹುಬ್ಬಳ್ಳಿಯಲ್ಲಿ ಹೋಟೆಲು, ಇಲ್ಲಿ ದೊಡ್ಡ ಮನೆ. ಮನೆ ತುಂಬ ನೆಂಟರಿದ್ದ ದಿನ ಮೊಮ್ಮಗು ಎಂತದೋ ಅರಿವೆಯನ್ನು ಕಮೋಡಿಗೆ ಹಾಕಿ ನೀರು ಬಿಟ್ಟಿತು. ನೀರು ಕೆಳಗೆ ಹೋಗುವ ಬದಲು ಮೇಲೆ ಬಂತು. ಸುಧಾಕರ ಮಿಷನ್ ಹಿಡಿದು ಹೋದ, ಅರಿವೆ ಎಳೆದು ತೆಗೆದ. ಅಷ್ಟಕ್ಕೇ ಗಿರಿಜಕ್ಕ ಊರೆಲ್ಲ ಹೇಳಿಕೊಂಡು ಬಂದಳು. “ಸುಧಾಕರಣ್ಣ ಇಲ್ದಿರೆ ನಮ್ಮ್ ಮರ್ಯಾದಿ ಹೋತಿತ್ತ್” ಎಂದು ಸುಂದರಿಯ ಎದುರಿಗೇ ಹೇಳಿದಳು. ಸುಂದರಿ ನಕ್ಕಳು. ಆ ನಗು ಹಲ್ಲಿನಿಂದ ಒಳಗೆ ಹೋಗಲಿಲ್ಲ.

ಆಮೇಲೆ ಒಬ್ಬರಲ್ಲ ಒಬ್ಬರು ಕರೆಯತೊಡಗಿದರು. ಸುಧಾಕರನೂ ಮದುವೆ ಮನೆಗೆ ಹೊರಟವನ ಹಾಗೆ ತಲೆ ಬಾಚಿ ಹೊರಡುತ್ತಿದ್ದ. ಕಾಸು ಮುಟ್ಟುತ್ತಿರಲಿಲ್ಲ, ಚಾ ಮಾತ್ರ ಕುಡಿಯುತ್ತಿದ್ದ. ಉಳಿದ ಮನೆಗಳ ವಿಷಯ ಸುಂದರಿಗೆ ಬೇಕಿರಲಿಲ್ಲ. ಗಿರಿಜಕ್ಕನ ಮನೆಯಿಂದ ಎರಡನೇ ಸಲ ಕರೆ ಬಂದಾಗ ಮಾತ್ರ ಕರಿಬೇವು ಕೊಯ್ಯುವ ನೆಪ ಹೂಡಿ ಬೇಲಿಯ ಹತ್ತಿರ ನಿಂತಳು. ಬಚ್ಚಲಿನ ಕಿಟಕಿಯಿಂದ ಗಂಡನ ದನಿ ಕೇಳಿತು.

“ನೀವ್ ಸ್ವಲ್ಪ ಆಚಿ ನಿಲ್ಲಿ ಗಿರಿಜಕ್ಕ, ನೀರ್ ಹಾರತ್ತ್. ಸೀರಿಗ್ ತಾಗುದ್ ಬ್ಯಾಡ.”

ಎಂಥ ಮೆತ್ತಗಿನ ದನಿ! ಮದುವೆಯಾದಂದಿನಿಂದ ಈ ಮನುಷ್ಯ ತನ್ನ ಸೀರೆಗೆ ಏನು ತಾಗಿತು ಎಂದು ಒಂದು ದಿನ ಕೇಳಿದ್ದುಂಟೇ? ಅವನು ಮುಂಬಯಿಯಲ್ಲಿದ್ದಾಗ ಹೆಂಚು ಸರಿಮಾಡಿದವಳು ಅವಳು, ಬಾವಿಯ ಪಂಪು ರಿಪೇರಿ ಮಾಡಿದವಳು ಅವಳು, ಬಚ್ಚಲು ಕಟ್ಟಿದರೆ ಮೂಗಿಗೆ ಸೆರಗು ಕಟ್ಟಿ, ಕಬ್ಬಿಣದ ಸರಿಗೆ ಬಗ್ಗಿಸಿ ಬಿಡಿಸಿದವಳೂ ಅವಳೇ. ಆಗೆಲ್ಲ ‘ಆಚೆ ನಿಲ್ಲು’ ಎನ್ನಲು ಯಾರಿದ್ದರು? ಸುಂದರಿಯ ಕೈಯಲ್ಲಿ ಕರಿಬೇವಿನ ಕೊಂಬೆಯೇ ಮುರಿದು ಬಂತು.

ಅಂದು ಸಂಜೆ ಗಿರಿಜಕ್ಕ ಸ್ಟೀಲ್ ಡಬ್ಬಿಯಲ್ಲಿ ಹಾಲ್ಬಾಯಿ ಕಳಿಸಿದಳು. ಸುಧಾಕರ ತಿಂದು, “ಲಾಯ್ಕ್ ಆಯ್ತ್” ಅಂದ. ಮರುದಿನ ಸುಂದರಿ ಅಕ್ಕಿ ಅರೆದು, ಕಾಯಿಹಾಲು ತೆಗೆದು, ತಾನೂ ಹಾಲ್ಬಾಯಿ ಮಾಡಿದಳು. ಆಣೆ ಮಾಡಿ ಹೇಳಬಹುದು, ಅದಕ್ಕಿಂತ ಇದೇ ಚೆನ್ನಾಗಿತ್ತು. ಅವನು ತುಟಿ ಪಿಟಕ್ಕೆನ್ನದೆ ತಿಂದು, ಬ್ಯಾಟರಿಯನ್ನು ಅಡುಗೆಮನೆಯ ಪ್ಲಗ್ಗಿಗೆ ಸಿಕ್ಕಿಸಿ ಹೋದ. ಸುಂದರಿ ಅದನ್ನು ಕಿತ್ತು, ಅರೆಯುವುದಕ್ಕೆ ಏನೂ ಇಲ್ಲದಿದ್ದರೂ ಮಿಕ್ಸಿಯ ವಯರು ಸಿಕ್ಕಿಸಿದಳು. “ಊರವ್ರ್ ಕಕ್ಕಸ್ ತೊಳೂಕ್ ಹೋತ್ರಲ್ಲ, ಜನ ಎಂತ ಹೇಳುದಿಲ್ಲ?” ಎಂದು ಕೇಳಿಯೂ ಆಯಿತು. ಜನ ಏನೂ ಹೇಳುತ್ತಿರಲಿಲ್ಲ, ಹೊಗಳುತ್ತಿದ್ದರು. ಅದೇ ಅವಳ ಸಂಕಟ.

ಕೊನೆಗೊಂದು ಬೆಳಿಗ್ಗೆ, ಸುಧಾಕರ ಮೀನು ತರಲು ಹೋದ ಹೊತ್ತಿಗೆ, ಸುಂದರಿ ನಿರ್ಧಾರ ಮಾಡಿಬಿಟ್ಟಳು. ಒಲೆಯ ಬದಿಯ ಮಸಿ ಅರಿವೆ ತೆಗೆದು, ಸುಲಭಕ್ಕೆ ಜಾರಿ ಹೋಗಬಾರದೆಂದು ನಡುವೆ ಗಟ್ಟಿ ಗಂಟು ಹಾಕಿ, ಕಮೋಡಿನ ಬಾಯೊಳಗೆ ತುರುಕಿ, ಹಿಡಿಸೂಡಿ ಪೊರಕೆಯ ಹಿಂಬದಿಯಿಂದ ಒತ್ತಿ, ಕೊಡಪಾನ ನೀರು ಹೊಯ್ದಳು. ನೀರು ಅಂಚಿನವರೆಗೆ ಏರಿ ನಿಂತಿತು. ಇಷ್ಟು ದಿನಗಳಲ್ಲಿ ಅವಳಿಗೆ ಅಷ್ಟು ಸಮಾಧಾನ ಆದದ್ದೇ ಇಲ್ಲ. ಮುಖ ತೊಳೆದು, ಮಗಳು ಸ್ವಾತಿ ತಂದುಕೊಟ್ಟ ಸೀರೆ ಉಟ್ಟು, ಚಾಕ್ಕೆ ನೀರಿಟ್ಟಳು.

“ಹ್ವಾಯ್, ಕಕ್ಕಸ್ ಕಟ್ಕಂಡಿತ್ತ್” ಎಂದಳು, ಗಂಡ ಅಂಗಳಕ್ಕೆ ಕಾಲಿಡುವ ಮೊದಲೇ.

ಸುಧಾಕರ ಮೀನಿನ ಚೀಲವನ್ನು ಜಗಲಿಯಲ್ಲೇ ಬಿಟ್ಟು ಒಳಗೆ ಓಡಿದ. ಕೈಗವಸು ಹಾಕಿಕೊಂಡು, ಸ್ಪ್ರಿಂಗ್ ಇಳಿಸಿ ಗುಂಡಿ ಒತ್ತಿದ. ಸುಂದರಿ ಬಾಗಿಲಲ್ಲಿ ಬೇಕೆಂದೇ ಹತ್ತಿರ ನಿಂತಳು. ಈಗ ಹೇಳುತ್ತಾನೆ, ಆಚೆ ನಿಲ್ಲು ಅನ್ನುತ್ತಾನೆ ಎಂದು ಕಾದಳು. ಅವನು ಹೇಳಲಿಲ್ಲ. ಮಿಷನ್ ಗುರ್ರೆಂದು ಗೊಣಗಿ ನಿಂತಿತು, ಅವನು ಮೆಲ್ಲಗೆ ಎಳೆದ. ಅರಿವೆ ಬಂತು, ಗಂಟಿನ ಸಮೇತ.

ತಾನಾಗಿ ಬಿದ್ದ ಅರಿವೆಗೆ ಗಂಟು ಇರುವುದಿಲ್ಲ. ಸುಧಾಕರ ಅದನ್ನು ಬಕೆಟಿಗೆ ಹಾಕಿ ಹೆಂಡತಿಯ ಮುಖ ನೋಡಿದ. ನಾಚಿಕೆಯಾಗಬೇಕಾದಲ್ಲಿ ಅವಳಿಗೆ ಸಿಟ್ಟು ಬಂತು.

“ಹೌದ್, ನಾನೇ ತುರ್ಕಿದ್ದ್! ಅವ್ರ್ ಮನಿಗಾರೆ ಹಾರಿ ಹೋತ್ರಿ. ಅಲ್ಲ್ ಬಾಯ್ತುಂಬ ಮಾತ್ ಬತ್ತ್. ಇಲ್ಲ್ ನಾನೊಬ್ಳ್ ಇದ್ದೆ ಅಂಬ್ದೇ ನಿಮ್ಗ್ ನೆನ್ಪಿಲ್ಲ. ನಂಗ್ ಹೊಟ್ಟಿಕಿಚ್ಚ್, ತಿಳ್ಕಣಿ!”

ಸುಧಾಕರ ಕೈಗವಸು ಕಳಚಿದ. ನಗಲಿಲ್ಲ, ಬೈಯಲೂ ಇಲ್ಲ.

“ಈ ಮಿಷನ್ ಯಾರಿಗ್ ತರ್ಸಿದ್ದ್ ಅಂದ್ಕಂಡಿದ್ದೆ? ನೀ ಮೊಣಕಾಲ್ ಊರಿ ಸರಿಗಿ ಹಾಕುದ್ ಕಂಡ್ ತಡಿಲಿಲ್ಲ, ಅದಕ್ಕೇ ತರ್ಸಿದ್ದ್. ಮಿಷನ್ ಬಂದ್ ವಾರದಗೇ ನಮ್ಮ್ ಕಕ್ಕಸ್ ಕಟ್ತ್. ನಾ ಬ್ಯಾಟರಿ ಚಾರ್ಜಿಗ್ ಇಟ್ಟ್ ಬಪ್ಪೊತ್ತಿಗೆ ನೀ ಸರಿಗಿ ಹಾಕಿ, ಬಿಡ್ಸಿ, ಕೈ ತೊಳ್ಕಂಡ್ ಆಗಿತ್ತ್. ಗಿಡಕ್ಕ್ ನೀರ್ ಬಿಡೂಕ್ ಹೋರೆ ಪೈಪ್ ಕಸ್ಕಂತೆ. ಬಲ್ಬ್ ಹಾಕೂಕ್ ಹೋರೆ ‘ನೀವ್ ಕೂಕಣಿ’ ಅಂತೆ. ನನ್ನ್ ಮನಿಯಂಗೇ ನೆಂಟ್ರ ತರ ಕೂತ್ ಸಾಕಾಯ್ತ್ ಮಾರಾಯ್ತಿ. ಅವ್ರ್ ಕರೀತ್ರ್, ನಾ ಹೋತೆ. ನೀ ಒಂದ್ ಸಲ ಆರೂ ಕರ್ದಿದ್ಯಾ?”

ಇಷ್ಟು ವರ್ಷ ಯಾರನ್ನೂ ಕರೆಯದೆ ಬದುಕಿದ್ದೇ ಸುಂದರಿಯ ಹೆಮ್ಮೆ. ಗಿರಿಜಕ್ಕನ ಹತ್ತಿರ ಇದ್ದು ತನ್ನಲ್ಲಿ ಇಲ್ಲದ್ದು ಏನೆಂದು ಅವಳಿಗೆ ಈಗ ಗೊತ್ತಾಯಿತು: ತನ್ನಿಂದ ಆಗುವುದಿಲ್ಲ ಎಂದು ಆ ಹೆಂಗಸು ಬಾಯಿಬಿಟ್ಟು ಹೇಳುತ್ತಿದ್ದಳು. ಅದು ಗೊತ್ತಾಗಿ ಸುಂದರಿಗೆ ಹೊಟ್ಟೆಕಿಚ್ಚೇನೂ ಕಡಿಮೆಯಾಗಲಿಲ್ಲ, ಸ್ವಲ್ಪ ಹೆಚ್ಚೇ ಆಯಿತು.

ಅಷ್ಟರಲ್ಲಿ ಜಗಲಿಯಲ್ಲಿ ಸುಧಾಕರನ ಫೋನು ಹೊಡೆದುಕೊಂಡಿತು. ಸುಂದರಿಯೇ ಹೋಗಿ ಎತ್ತಿದಳು. ಗಿರಿಜಕ್ಕ.

“ಇವತ್ತ್ ಅವ್ರಿಗ್ ಪುರ್ಸೊತ್ತಿಲ್ಲ ಗಿರಿಜಕ್ಕ” ಎಂದಳು, ಬಚ್ಚಲಿನವರೆಗೆ ಕೇಳುವಷ್ಟು ಗಟ್ಟಿಯಾಗಿ. “ನಾಳಿಗೂ ಇಲ್ಲ. ನಮ್ಮ್ ಮನಿಯಂಗೆ ನನ್ನತ್ರ ಆಗದ್ ಕೆಲ್ಸ ರಾಶಿ ಇತ್ತ್.”