ವಿಮಲಾ ಪಾಲಿನ ನಲವತ್ತು ಲಕ್ಷ

2022ರಲ್ಲಿ ನಾನು ಮೂಡಿಗೆರೆಯ ಒಂದು ಬ್ಯಾಂಕ್ ಶಾಖೆಯ ಮ್ಯಾನೇಜರ್ ಆಗಿದ್ದೆ. ನಿವೃತ್ತಿಗೆ ಇನ್ನೊಂದು ವರ್ಷ ಬಾಕಿಯಿತ್ತು. ಅದಕ್ಕೂ ಮೊದಲು ಕಳಸ, ಬಾಳೂರು, ವಸ್ತಾರೆ ಕಡೆಯ ಬೆಳೆಗಾರರ ಜೊತೆ ಬಹಳ ವರ್ಷ ಏಗಿದ್ದೆ. ಅವರ ಮೇಲೆ ನನಗೊಂದು ತಕರಾರಿತ್ತು, ಈಗಲೂ ಇದೆ. ಕಾಯುವುದು ತಮಗೆ ಮಾತ್ರ ಗೊತ್ತಿರುವ ವಿದ್ಯೆ ಎಂಬ ಜಂಬ ಇವರಿಗೆ. ಕಾಫಿ ಬೆಲೆ ಬಿದ್ದರೆ ಗೋದಾಮಿಗೆ ಬೀಗ ಜಡಿದು, ಬ್ರೆಜಿಲ್‌ನಲ್ಲಿ ಯಾವಾಗ ಹಿಮ ಬಿದ್ದು ಅಲ್ಲಿಯ ಬೆಳೆ ಹಾಳಾಗುತ್ತದೋ ಎಂದು ನೋಡುತ್ತ ಕೂರುತ್ತಾರೆ. ಎಷ್ಟೋ ಸಲ ಹಿಮ ಬೀಳುತ್ತದೆ, ಬೆಲೆ ಏರುತ್ತದೆ, ಅದರ ಜೊತೆಗೆ ಜಂಬವೂ ಏರುತ್ತದೆ. ಈ ಅಭ್ಯಾಸ ಗೋದಾಮಿನಿಂದ ಹೊರಗೆ ಬಂದು ಸರ್ಕಾರಿ ಬಾಂಡಿನ ಮೇಲೆ ಕೂತಾಗ ಏನಾಯಿತು ಎಂಬುದನ್ನು ಇಲ್ಲಿ ಹೇಳುತ್ತೇನೆ. ಹೆಸರುಗಳನ್ನು ಬದಲಿಸಿದ್ದೇನೆ.

ಜಾವಳಿ ಹತ್ತಿರ ಯತೀಶ್ ಎಂಬ ಬೆಳೆಗಾರರಿದ್ದರು. ದೊಡ್ಡ ಪ್ಲಾಂಟರ್ ಅಲ್ಲ, ಸಣ್ಣವರೂ ಅಲ್ಲ. ತಂದೆ ತೀರಿಕೊಂಡ ಮೇಲೆ ತೋಟ ಪಾಲಾಯಿತು. ನಾಲ್ಕು ಎಕರೆ ತಂಗಿ ವಿಮಲಾ ಪಾಲಿಗೆ ಹೋಯಿತು. ಮನೆಯ ಕೆರೆ ಇದ್ದದ್ದು ಆ ನಾಲ್ಕು ಎಕರೆಯಲ್ಲೇ. ರೊಬಸ್ಟಾ ಕಾಫಿಗೆ ಫೆಬ್ರವರಿ, ಮಾರ್ಚ್‌ನಲ್ಲಿ ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಾಕಿ ನೀರು ಕೊಡಬೇಕು, ಆಗಲೇ ಹೂವು ಅರಳುವುದು. ಕೆರೆ ಕೈತಪ್ಪಿದರೆ ಯತೀಶರ ಪಾಲಿಗೆ ಉಳಿದ ತೋಟ ಮಳೆಯ ಮುಖ ನೋಡಿಕೊಂಡು ಬದುಕಬೇಕಿತ್ತು.

ವಿಮಲಾ ಚಿಕ್ಕಮಗಳೂರಿನಲ್ಲಿ ಬಾಡಿಗೆ ಮಳಿಗೆಯಲ್ಲಿ ಔಷಧಿ ಅಂಗಡಿ ನಡೆಸುತ್ತಿದ್ದರು. ಆ ಮಳಿಗೆಯನ್ನು ಮಾಲೀಕರು ಮಾರಲು ಹೊರಟಿದ್ದರು. ದೀಪಾವಳಿ ಕಳೆಯುವವರೆಗೆ ಕಾಯುತ್ತೇನೆ, ಕೊಳ್ಳುವುದಾದರೆ ನೀವೇ ಕೊಳ್ಳಿ ಎಂದಿದ್ದರು. ಹಾಗಾಗಿ ಅಣ್ಣ ತಂಗಿ ಕೂತು ಮಾತಾಡಿ ಒಂದು ಕರಾರು ಮಾಡಿಕೊಂಡರು. ನಾಲ್ಕು ಎಕರೆಗೆ ಐವತ್ತು ಲಕ್ಷ. ಹತ್ತು ಲಕ್ಷ ಮುಂಗಡ ಕೊಟ್ಟಾಯಿತು. ಉಳಿದ ನಲವತ್ತು ದೀಪಾವಳಿ ಕಳೆದ ವಾರ, ರಿಜಿಸ್ಟ್ರೇಷನ್ ದಿನ. ಕೊಡದಿದ್ದರೆ ಕರಾರು ಬಿದ್ದುಹೋಗುತ್ತದೆ, ವಿಮಲಾ ಬೇರೆ ಯಾರಿಗಾದರೂ ಮಾರಬಹುದು. ಬೇರೆಯವರೂ ತಯಾರಿದ್ದರು. ಒಬ್ಬ ಹೋಂಸ್ಟೇ ಮಾಲೀಕರು ಆಗಲೇ ಬಂದು ಕೆರೆ ನೋಡಿ, ಬೋಟ್ ಬಿಡಲು ಎಷ್ಟು ಆಳ ಬೇಕು ಎಂದು ವಿಚಾರಿಸಿ ಹೋಗಿದ್ದರು.

ಆ ವರ್ಷದ ಮೊದಲಲ್ಲಿ ಅರೇಬಿಕಾಕ್ಕೆ ಒಳ್ಳೆಯ ಬೆಲೆ ಬಂದಿತ್ತು. ಯತೀಶ್ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಅಷ್ಟನ್ನೂ ಮಾರಿದರು, ಕೂಡಿಟ್ಟಿದ್ದ ಕಾಳುಮೆಣಸನ್ನೂ ಮಾರಿದರು. ಫೆಬ್ರವರಿ ಮುಗಿಯುವ ಹೊತ್ತಿಗೆ ನಲವತ್ತು ಲಕ್ಷ ಅವರ ಖಾತೆಯಲ್ಲಿತ್ತು. ಎಂಟು ತಿಂಗಳು ಅದನ್ನು ಎಲ್ಲಿಡುವುದು ಎಂದು ಕೇಳಲು ನನ್ನ ಹತ್ತಿರ ಬಂದರು. ಎಂಟು ತಿಂಗಳ ಎಫ್‌ಡಿ ಮಾಡಿ ಎಂದೆ. ಆಗ ಅಷ್ಟು ಅವಧಿಗೆ ಬಡ್ಡಿ ಹೆಚ್ಚುಕಡಿಮೆ ನಾಲ್ಕೂವರೆ ಪರ್ಸೆಂಟ್ ಇತ್ತು. ಯತೀಶರ ಮುಖ ಹುಳಿ ಕಿತ್ತಳೆ ತಿಂದಂತಾಯಿತು.

"ನಾಲ್ಕೂವರೆನಾ ಮೇಡಂ? ಗೊಬ್ಬರದ ರೇಟೇ ಅದಕ್ಕಿಂತ ಜೋರಾಗಿ ಏರ್ತಾ ಉಂಟು. ಇಲ್ಲಿ ನೋಡಿ" ಎಂದು ಫೋನ್ ಚಾಚಿದರು.

ಅದರಲ್ಲಿ ಒಂದು ಗಿಲ್ಟ್ ಫಂಡ್ ಇತ್ತು. ಗಿಲ್ಟ್ ಫಂಡ್ ಎಂದರೆ ಸರ್ಕಾರದ ಬಾಂಡ್‌ಗಳಲ್ಲಿ ಮಾತ್ರ ಹಣ ಹಾಕುವ ಮ್ಯೂಚುವಲ್ ಫಂಡ್. ಹಿಂದಿನ ಮೂರು ವರ್ಷದ ಸರಾಸರಿ ಗಳಿಕೆ ಎಂಟರ ಆಸುಪಾಸು ಎಂದು ಹಸಿರು ಅಕ್ಷರದಲ್ಲಿ ಕಾಣುತ್ತಿತ್ತು.

"ಸರ್ಕಾರ ನಮ್ಮ ದುಡ್ಡು ಮುಳುಗಿಸ್ತದಾ?"

"ಸರ್ಕಾರ ಮುಳುಗಿಸಲ್ಲ. ಆದರೆ ಬಾಂಡಿಗೂ ದಿನಾ ಬೆಲೆ ಉಂಟು. ಬಡ್ಡಿದರ ಏರಿದರೆ ಆ ಬೆಲೆ ಇಳೀತದೆ. ನಿಮಗೆ ಇರೋದು ಎಂಟು ತಿಂಗಳು."

"ಇಳಿದ್ರೆ ಕಾಯೋದು. ನಮಗೇನು ಕಾಯಕ್ಕೆ ಹೊಸದಾ?"

ಅಲ್ಲಿಗೆ ಮಾತು ಮುಗಿಯಿತು. ಹಣ ಅವರದು, ಫೋನ್ ಅವರದು, ಒತ್ತುವ ಬೆರಳೂ ಅವರದು. ನಲವತ್ತು ಲಕ್ಷವೂ ಫಂಡಿಗೆ ಹೋಯಿತು.

ಮೇ ತಿಂಗಳ ನಾಲ್ಕನೇ ತಾರೀಕು ಮಧ್ಯಾಹ್ನ, ಮುಂಬೈಯಲ್ಲಿ ಕೂತಿರುವ ಬ್ಯಾಂಕುಗಳ ಬ್ಯಾಂಕು, ಸಭೆಯ ದಿನ ಬರುವ ಮೊದಲೇ ದಿಢೀರನೆ ರೆಪೊ ದರವನ್ನು ನಾಲ್ಕರಿಂದ ನಾಲ್ಕು ಪಾಯಿಂಟ್ ನಾಲ್ಕಕ್ಕೆ ಏರಿಸಿತು. ನಮ್ಮಂಥ ಬ್ಯಾಂಕುಗಳಿಗೆ ಅದು ಅಲ್ಪಕಾಲಕ್ಕೆ ಕೊಡುವ ಸಾಲದ ಬಡ್ಡಿಯೇ ರೆಪೊ ದರ. ಆ ಫೆಬ್ರವರಿಯಲ್ಲಿ ಹೊರದೇಶದಲ್ಲಿ ಶುರುವಾದ ಯುದ್ಧದಿಂದ ಎಣ್ಣೆ, ಗೊಬ್ಬರ, ಗೋಧಿ ಎಲ್ಲದರ ಬೆಲೆಯೂ ಏರಿತ್ತು. ಸಾಲ ದುಬಾರಿಯಾದರೆ ಜನ ಖರ್ಚಿನಲ್ಲಿ ಕೈ ಬಿಗಿ ಹಿಡಿಯುತ್ತಾರೆ, ಬೆಲೆಯೇರಿಕೆ ತಗ್ಗುತ್ತದೆ ಎಂಬುದು ಲೆಕ್ಕ. ಜೂನ್‌ನಲ್ಲಿ ಇನ್ನೊಮ್ಮೆ ಏರಿಸಿದರು. ಅಮೆರಿಕದಲ್ಲೂ ಅದೇ ಕೆಲಸ ಇನ್ನೂ ಜೋರಾಗಿ ನಡೆದಿತ್ತು.

ಜೂನ್ ಕೊನೆಗೆ ಯತೀಶ್ ಬಂದರು. ಫೋನಿನಲ್ಲಿ ಹಸಿರು ಹೋಗಿ ಕೆಂಪು ಬಂದಿತ್ತು. ನಲವತ್ತು ಲಕ್ಷ ಮೂವತ್ತೆಂಟಕ್ಕೆ ಇಳಿದಿತ್ತು.

"ಎಂತ ಮೇಡಂ ಇದು? ಬಡ್ಡಿ ಏರಿದ್ರೆ ನಮಗೆ ಜಾಸ್ತಿ ಬರಬೇಕಲ್ವಾ?"

ಎಲ್ಲರೂ ಕೇಳುವ ಪ್ರಶ್ನೆಯೇ ಇದು. ನಾನು ಅವರಿಗೆ ಮಳಿಗೆಯ ಲೆಕ್ಕ ಹೇಳಿದೆ. ನಿಮ್ಮದೊಂದು ಮಳಿಗೆ ಇದೆ, ಹತ್ತು ವರ್ಷಕ್ಕೆ ಬಾಡಿಗೆ ಆರು ಸಾವಿರ ಎಂದು ಬರೆದುಕೊಟ್ಟಿದ್ದೀರಿ. ಪಕ್ಕದಲ್ಲಿ ಅಂಥದ್ದೇ ಹೊಸ ಮಳಿಗೆ ಎದ್ದಿತು, ಅದಕ್ಕೆ ಏಳು ಸಾವಿರ ಬಾಡಿಗೆ ಬರುತ್ತದೆ. ಈಗ ನಿಮ್ಮ ಮಳಿಗೆ ಮಾರಲು ಹೋದರೆ ಹೊಸದರ ಬೆಲೆ ಕೊಡುವವರು ಯಾರು? ಇಳಿಸಿಯೇ ಕೇಳುತ್ತಾರೆ. ಬಾಡಿಗೆ ಕರಾರು ಇನ್ನೂ ಬಹಳ ವರ್ಷ ಇದ್ದರೆ ಇನ್ನಷ್ಟು ಇಳಿಸುತ್ತಾರೆ. ನಿಮ್ಮ ಫಂಡಿನಲ್ಲಿರುವುದೆಲ್ಲ ಅಂಥ ಹಳೇ ಕರಾರಿನ, ಕಡಿಮೆ ಬಡ್ಡಿಯ, ಉದ್ದ ಅವಧಿಯ ಬಾಂಡ್‌ಗಳು.

ಯತೀಶ್‌ಗೆ ಅರ್ಥವಾಯಿತು. ಬುದ್ಧಿಗೆ ಅವರಲ್ಲಿ ಕೊರತೆಯಿರಲಿಲ್ಲ.

"ಈಗ ತೆಗೆದು ಎಫ್‌ಡಿಗೆ ಹಾಕಿ. ಎರಡು ಲಕ್ಷ ಹೋಯ್ತು ಅಂತ ಬಿಡಿ, ಉಳಿದದ್ದು ಭದ್ರವಾಗಿರ್ತದೆ" ಎಂದೆ.

"ಬಿದ್ದ ರೇಟಲ್ಲಿ ನಮ್ಮಪ್ಪ ಒಂದು ಮೂಟೆ ಮಾರಿದವರಲ್ಲ ಮೇಡಂ. ಮೇಲೆ ಬಂದೇ ಬರ್ತದೆ."

"ಬರ್ತದೆ. ದೀಪಾವಳಿಯೊಳಗೆ ಬರ್ತದಾ?"

ಫೋನ್ ಜೇಬಿಗೆ ಹಾಕಿಕೊಂಡು ಎದ್ದು ಹೋದರು. ಆಗಸ್ಟ್‌ನಲ್ಲಿ ಮತ್ತೆ ದರ ಏರಿತು, ಸೆಪ್ಟೆಂಬರ್ ಕೊನೆಗೆ ಮತ್ತೆ. ನಡುವೆ ಫಂಡ್ ಒಂದಿಷ್ಟು ಮೇಲೆ ಬಂದು ಆಸೆ ಹುಟ್ಟಿಸಿ, ಕೆಳಗಿಳಿದು, ಮೂವತ್ತೆಂಟರ ಹತ್ತಿರವೇ ತೂಗುತ್ತಿತ್ತು.

ಅಕ್ಟೋಬರ್ ಮೊದಲ ವಾರ ಅಣ್ಣ ತಂಗಿ ಇಬ್ಬರೂ ನನ್ನ ಕ್ಯಾಬಿನ್‌ಗೆ ಬಂದರು. ವಿಮಲಾ ಅವರನ್ನು ನಾನು ನೋಡಿದ್ದು ಅದೇ ಮೊದಲು. ಮಾತು ಕಡಿಮೆ, ನೋಟ ನೇರ. ಯತೀಶ್ ನನ್ನ ಕಡೆಗೇ ತಿರುಗಿ ಹೇಳಿದರು: "ಇವಳಿಗೆ ಸ್ವಲ್ಪ ನೀವೇ ತಿಳಿಸಿ ಹೇಳಿ ಮೇಡಂ. ಮಾರ್ಕೆಟ್ ಬಿದ್ದದ್ದು ನನ್ನ ಕೈಲಿ ಇಲ್ಲ. ಇವಳ ದುಡ್ಡು ಅಂತ ಬೇರೆ ತೆಗೆದಿಟ್ಟಿದ್ದೆ, ಒಂದು ಪೈಸೆ ಮುಟ್ಟಲಿಲ್ಲ. ಈಗ ಅದು ಮೂವತ್ತೆಂಟು ಆಗಿದೆ. ಅಷ್ಟನ್ನೂ ಕೊಡ್ತೀನಿ."

ಕೇಳಿ ನನಗೆ ಸಿಟ್ಟು ಬಂತು, ಆದರೆ ಆ ಮನುಷ್ಯನಲ್ಲಿ ಮೋಸವಿರಲಿಲ್ಲ. ಅದೇ ಈ ಪ್ರಕರಣದ ವಿಚಿತ್ರ. ಫೆಬ್ರವರಿಯಲ್ಲೇ ಅವರು ಮನಸ್ಸಿನಲ್ಲಿ ಆ ಹಣಕ್ಕೆ ತಂಗಿಯ ಹೆಸರು ಬರೆದುಬಿಟ್ಟಿದ್ದರು. ಹೆಸರು ಬರೆದ ಮೇಲೆ ಅದಕ್ಕೆ ಬಂದ ಕಷ್ಟವೂ ತಂಗಿಯದೇ ಎಂದು ಪ್ರಾಮಾಣಿಕವಾಗಿ ನಂಬಿದ್ದರು.

ವಿಮಲಾ ದನಿ ಏರಿಸಲಿಲ್ಲ. "ನಲವತ್ತೆರಡು ಆಗಿದ್ರೆ ಮೇಲಿನ ಎರಡು ನಂಗೆ ಕೊಡ್ತಿದ್ಯಾ ಅಣ್ಣ?"

ಯತೀಶ್ ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು.

"ನೀನು ಕಮ್ಮಿ ಕೊಟ್ಟದ್ದಕ್ಕೆ ನಾನು ಸಾಲ ತಗೋಬೇಕು. ಆ ಸಾಲದ ಬಡ್ಡಿನೂ ಏರಿದೆ. ಕೊಡಕ್ಕಾಗಲ್ಲ ಅಂದ್ರೆ ಈಗಲೇ ಹೇಳು, ನಾನು ಹೋಂಸ್ಟೇಯವರಿಗೆ ಫೋನ್ ಮಾಡ್ತೀನಿ."

ನಾನು ಯತೀಶರನ್ನೇ ಕೇಳಿದೆ, "ಗೋದಾಮಿನಲ್ಲಿ ಏನಿದೆ?"

"ಏನಿಲ್ಲ ಮೇಡಂ. ತಳದ ಮೂಟೆ ಅಷ್ಟೆ."

ತಳದ ಮೂಟೆ ಎಂದರೇನೆಂದು ವಿಮಲಾ ಹೇಳಿದರು. ಅವರ ತಂದೆ ಕಾಲದ ಪದ್ಧತಿಯಂತೆ. ಎಷ್ಟೇ ಕಷ್ಟ ಬರಲಿ, ಹೊಸ ಕಾಫಿ ಒಳಗೆ ಬರುವವರೆಗೆ ಗೋದಾಮನ್ನು ಖಾಲಿ ಮಾಡಬಾರದು. ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ ರೊಬಸ್ಟಾ ಚೆರಿ, ಐವತ್ತು ಕೆಜಿಯ ನಲವತ್ತೈದು ಮೂಟೆ, ಗೋಡೆಗೊರಗಿ ಇರಲೇಬೇಕು. ತಂದೆ ಸತ್ತಾಗಲೂ ಅದನ್ನು ಮುಟ್ಟಿರಲಿಲ್ಲ.

ನಾನು ಅಂದಿನ ದರ ನೋಡಿದೆ. ಫೆಬ್ರವರಿಯಲ್ಲಿ ಮೂಟೆಗೆ ನಾಲ್ಕು ಸಾವಿರದ ಹತ್ತಿರ ಇದ್ದ ಚೆರಿ ಈಗ ಐದು ಸಾವಿರಕ್ಕೆ ಸಮೀಪಿಸಿತ್ತು. ಅದಕ್ಕೆ ಒಂದು ಕಾರಣ ಅದೇ ಬಡ್ಡಿದರ. ಅಮೆರಿಕದಲ್ಲಿ ಬಡ್ಡಿ ಏರಿದಾಗ ಜಗತ್ತಿನ ಹಣ ಡಾಲರ್ ಕಡೆ ಓಡುತ್ತದೆ, ರೂಪಾಯಿ ಸೋಲುತ್ತದೆ. ಎಪ್ಪತ್ತೈದು ರೂಪಾಯಿಯ ಡಾಲರ್ ಆಗ ಎಂಬತ್ತೆರಡರ ಹತ್ತಿರ ಬಂದಿತ್ತು. ನಮ್ಮ ಕಾಫಿ ಹೆಚ್ಚಾಗಿ ಹೊರದೇಶಕ್ಕೆ ಹೋಗುವ ಮಾಲು. ಅಲ್ಲಿ ಅದೇ ಡಾಲರ್ ಸಿಕ್ಕರೂ ಇಲ್ಲಿ ಹೆಚ್ಚು ರೂಪಾಯಿ ಆಗುತ್ತದೆ. ಯತೀಶರ ಫಂಡನ್ನು ಕೆಳಗೆ ಎಳೆದ ಗಾಳಿಯೇ ಅವರ ಗೋದಾಮಿನ ಚೆರಿಯನ್ನು ಮೇಲೆತ್ತಿತ್ತು. ಫೋನನ್ನು ದಿನಕ್ಕೆ ಇಪ್ಪತ್ತು ಸಲ ನೋಡುತ್ತಿದ್ದ ಮನುಷ್ಯ ಗೋದಾಮಿನ ಕಡೆ ನೋಡಿರಲಿಲ್ಲ, ಏಕೆಂದರೆ ಅದು ಮಾರುವ ಮಾಲಲ್ಲ ಎಂದು ಮನೆಯಲ್ಲಿ ಮೊದಲೇ ತೀರ್ಮಾನವಾಗಿತ್ತು.

"ನಲವತ್ತೈದು ಮೂಟೆಗೆ ಎರಡು ಲಕ್ಷ ದಾಟ್ತದೆ" ಎಂದೆ. "ಫಂಡನ್ನು ಇವತ್ತೇ ತೆಗೀರಿ, ಚೆರಿ ಮಾರಿ. ಲೆಕ್ಕ ಸರಿಹೋಗ್ತದೆ."

"ಗೋದಾಮು ಖಾಲಿ ಮಾಡಿ ಅಂತೀರಾ?" ಎಂದರು ಯತೀಶ್. ಎರಡು ಲಕ್ಷ ಕಳೆದುಕೊಂಡಾಗಲೂ ಅವರ ಮುಖ ಅಷ್ಟು ಸಣ್ಣಗಾಗಿರಲಿಲ್ಲ.

"ಕೆರೆ ಬೇಕಾ, ಮೂಟೆ ಬೇಕಾ ಅಂತ ನೀವೇ ಹೇಳಿ."

ಅವರು ತಂಗಿಯ ಕಡೆ ನೋಡಿದರು. ತಂಗಿ ಕಿಟಕಿಯಾಚೆ ನೋಡುತ್ತಿದ್ದರು. "ಆಯ್ತು" ಎಂದರು ಯತೀಶ್ ಕೊನೆಗೆ. ಅಲ್ಲೇ ನನ್ನ ಮೇಜಿನ ಮುಂದೆ ಫಂಡ್ ಮಾರಿದರು. ಅಂದು ಆ ಮನುಷ್ಯನ ಬಗ್ಗೆ ನನಗೆ ಮೊದಲ ಸಲ ಗೌರವ ಹುಟ್ಟಿತು.

ಮುಂದಿನ ವಾರ ವ್ಯಾಪಾರಿಯ ಲಾರಿ ಬಂದು ಚೆರಿ ಒಯ್ದಿತು. ದೀಪಾವಳಿ ಕಳೆದ ವಾರ ರಿಜಿಸ್ಟ್ರೇಷನ್ ಆಯಿತು. ನಲವತ್ತಕ್ಕೆ ನಲವತ್ತೂ ವಿಮಲಾ ಖಾತೆಗೆ ಬಿತ್ತು, ಕೆರೆ ಯತೀಶರಿಗೆ ಉಳಿಯಿತು, ಔಷಧಿ ಅಂಗಡಿ ಇದ್ದ ಜಾಗದಲ್ಲೇ ಉಳಿಯಿತು. ಮಾರನೆಯ ವರ್ಷ ಆ ಫಂಡ್ ನಿಜವಾಗಿ ಮೇಲೆ ಬಂತು. ಯತೀಶ್ ಹೇಳಿದ್ದು ಸುಳ್ಳಲ್ಲ, ಆದರೆ ಅವರ ದೀಪಾವಳಿ ಅಷ್ಟರಲ್ಲಿ ಮುಗಿದಿತ್ತು.

ನಿವೃತ್ತಿಯಾದ ಮೇಲೂ ಜನ ದಾರಿಯಲ್ಲಿ ನಿಲ್ಲಿಸಿ, ದುಡ್ಡು ಎಲ್ಲಿ ಹಾಕಲಿ ಮೇಡಂ ಎಂದು ಕೇಳುತ್ತಾರೆ. ಬಡ್ಡಿದರ ಏರುವುದೋ ಇಳಿಯುವುದೋ ನನಗೆ ಗೊತ್ತಿಲ್ಲ, ಗೊತ್ತಿದ್ದರೆ ಪಿಂಚಣಿ ನಂಬಿ ಕೂರುತ್ತಿರಲಿಲ್ಲ. ನಾನು ತಿರುಗಿ ಎರಡು ಮಾತು ಕೇಳುತ್ತೇನೆ: ಈ ದುಡ್ಡು ಯಾವಾಗ ಬೇಕು, ನಷ್ಟವಾದರೆ ಅದು ಯಾರದು. ಎರಡನೆಯದಕ್ಕೆ ಬಹಳ ಜನ ಉತ್ತರ ಕೊಡುವುದಿಲ್ಲ. ಅಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದರಲ್ಲಿ ಉಳಿದದ್ದು ಇಷ್ಟು, ಅದರಲ್ಲೂ ಎರಡನೆಯದನ್ನು ಕಲಿಸಿದ್ದು ವಿಮಲಾ.

ಅದೇ 2022ರ ಕೊನೆಗೆ ಕೊಯ್ಲು ಶುರುವಾದಾಗ ಸಾಲದ ಪರಿಶೀಲನೆಗೆಂದು ಜಾವಳಿಗೆ ಹೋಗಿದ್ದೆ. ಯತೀಶ್ ಗೋದಾಮು ತೆಗೆದು ತೋರಿಸಿದರು. ಗುಡಿಸಿದ ನೆಲ, ಹೊಸ ಕಾಫಿ ಇನ್ನೂ ಒಳಗೆ ಬಂದಿರಲಿಲ್ಲ. ಒಂದೇ ಒಂದು ಮೂಟೆ ಗೋಡೆಗೆ ಒರಗಿತ್ತು. ಅದರ ಮೇಲೆ ಕೆಂಪು ಬಣ್ಣದಲ್ಲಿ 'ವಿಮಲಾ' ಎಂದು ಬರೆದಿತ್ತು. ವಿಮಲಾ ಅವರೂ ಅಂದು ಅಲ್ಲೇ ಇದ್ದರು.

"ಲಾರಿಗೆ ಹಾಕುವಾಗ ವ್ಯಾಪಾರಿ ಹತ್ರ ಒಂದು ಮೂಟೆ ನಾನೇ ತಗೊಂಡೆ ಮೇಡಂ, ಅವತ್ತಿನ ರೇಟಿಗೆ" ಎಂದರು. "ಗೋದಾಮು ಖಾಲಿ ಆಗಬಾರದಲ್ಲ. ರೇಟು ಬಿದ್ರೆ ನಷ್ಟ ನಂದು. ಏರಿದ್ರೆ ಲಾಭನೂ ನಂದೇ. ಅಣ್ಣಂಗೆ ಕೇಳೋ ಹಾಗೇ ಹೇಳ್ತಿದೀನಿ."

"ಕೇಳ್ತು ಮಾರಾಯ್ತಿ" ಎಂದರು ಯತೀಶ್.

ಮುಂದೆ ರೊಬಸ್ಟಾ ಬೆಲೆ ಹೇಗೆ ಏರಿತೆಂದು ಈ ಬೆಟ್ಟದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. 2024ರ ಬೇಸಿಗೆಯಲ್ಲಿ ಯತೀಶ್ ಫೋನ್ ಮಾಡಿದ್ದರು. ಗೋದಾಮು ತುಂಬಿದೆ, ಕೆರೆಯಲ್ಲಿ ನೀರಿದೆ, ಹೂವು ಚೆನ್ನಾಗಿ ಬಂದಿದೆ ಎಂದೆಲ್ಲ ಹೇಳಿ, ಕೊನೆಗೆ, "ಅವಳು ಆ ಮೂಟೆ ಮಾರಿದ್ಲು ಮೇಡಂ. ಡಬ್ಬಲ್‌ಗಿಂತ ಜಾಸ್ತಿ ಸಿಕ್ತು. ಎಲ್ಲ ತಾನೇ ಇಟ್ಕೊಂಡ್ಳು" ಎಂದರು.

"ನೀವೇನು ಹೇಳಿದ್ರಿ?"

"ಏನು ಹೇಳೋದು? ಮೂಟೆ ಹೊತ್ತು ಜೀಪಿಗೆ ಹಾಕಿದೆ."