ಗುಂಡು ಎತ್ತುವವನಿಗೆ ಪರೀಕ್ಷೆ ಯಾಕೆ

ಬೈಲಹೊಂಗಲದ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲರಿಗೇನೂ ಬರವಿಲ್ಲ. ಆದರೆ ಎರಡು ಚೀಲ ಕಡಲೆಯನ್ನು ಒಂದರ ಮೇಲೊಂದು ಬೆನ್ನಿಗೇರಿಸಿಕೊಂಡು, ಮೇಲೆ ಹಾಡು ಬೇರೆ ಗುನುಗುತ್ತ ಲಾರಿ ಹತ್ತುವವನು ಕಲ್ಮೇಶ ಒಬ್ಬನೇ. ಕಾರಹುಣ್ಣಿಮೆಗೆ ಯಾರ್ಡಿನ ಹಿಂದಿನ ಬಯಲಿನಲ್ಲಿ ಗುಂಡುಕಲ್ಲು ಎತ್ತುವ ಸ್ಪರ್ಧೆ ನಡೆಯುತ್ತದೆ. ಸವದತ್ತಿ, ರಾಮದುರ್ಗ, ಕಿತ್ತೂರಿನಿಂದ ಗಟ್ಟಿಮುಟ್ಟಾದ ಹುಡುಗರು ಮೀಸೆ ತಿರುವುತ್ತ ಬರುತ್ತಾರೆ, ಸಂಜೆಗೆ ಸಪ್ಪೆ ಮೋರೆ ಹಾಕಿಕೊಂಡು ಬಸ್ಸು ಹತ್ತುತ್ತಾರೆ. ಗೆದ್ದವರಿಗೆ ಕೊಡುವ ಬೆಳ್ಳಿ ಕಡಗವನ್ನು ಕಲ್ಮೇಶ ಇಷ್ಟು ವರ್ಷ ಊರು ದಾಟಲು ಬಿಟ್ಟಿರಲಿಲ್ಲ. ಕಲ್ಲು ನೆಲದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಎದೆಗೆ, ಎದೆಯಿಂದ ಹೆಗಲಿಗೆ ಬಂದು ಧಪ್ಪೆಂದು ಅವನ ಬೆನ್ನ ಹಿಂದೆ ಬಿದ್ದರೆ ಸಾಕು, ಓಣಿಯ ಹೆಂಗಸರು ತಮ್ಮ ಕೂಸುಗಳನ್ನು ತಂದು ಅವನ ಕೈಗೆ ಕೊಡುತ್ತಿದ್ದರು. ಅವನು ಎತ್ತಿಕೊಂಡ ಕೂಸು ಗಟ್ಟಿಯಾಗುತ್ತದಂತೆ. ಈ ಮಾತನ್ನು ಯಾರು ಹುಟ್ಟಿಸಿದರೋ ಗೊತ್ತಿಲ್ಲ, ಹುಟ್ಟಿಸಿದವರಿಗೆ ಕರುಳು ಇರಲಿಲ್ಲ. ಕಲ್ಮೇಶನಿಗೆ ಮದುವೆಯಾಗಿ ಎಂಟು ವರ್ಷವಾದರೂ ತನ್ನದೊಂದು ಕೂಸು ಎತ್ತಿಕೊಳ್ಳುವ ಯೋಗ ಬಂದಿರಲಿಲ್ಲ.

ಹೆಂಡತಿ ಮಹಾನಂದಾ ಸಂಪಗಾಂವದವಳು. ಮಕ್ಕಳಾಗದ್ದಕ್ಕೆ ಊರು ಬಹಳ ತಲೆ ಕೆಡಿಸಿಕೊಳ್ಳಲಿಲ್ಲ. ಅಂಥಾ ಕಲ್ಲು ಎತ್ತುವ ಗಂಡಸಿನಲ್ಲಿ ಕೊರತೆ ಎಲ್ಲಿಂದ ಬರಬೇಕು? ಇದ್ದರೆ ಅವಳಲ್ಲೇ ಇರಬೇಕು. ಹಾಗೆಂದು ಅವಳ ರಕ್ತ ತೆಗೆಸಿದರು, ಸ್ಕ್ಯಾನ್ ಮಾಡಿಸಿದರು, ಸೋಮವಾರ ಉಪವಾಸ ಮಾಡಿಸಿದರು. ಅತ್ತೆ ಸಿದ್ದಲಿಂಗವ್ವ ಸಂತೆಯಲ್ಲಿ ಗಿಡಮೂಲಿಕೆ ಮಾರುವ ವೀರಪ್ಪನಿಂದ ಹೆಣ್ಣುಮಕ್ಕಳ ಹಾರ್ಮೋನು ಸರಿಪಡಿಸುವ ಕಷಾಯದ ಪುಡಿ ತಂದಳು. ಅದನ್ನು ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕುಡಿಯಬೇಕು. ಬೇವಿನ ಕಡ್ಡಿಯೂ ಅದರ ಮುಂದೆ ಸಿಹಿ ಎನ್ನಬೇಕು, ಅಂಥಾ ಕಹಿ. ಬೆಳಗಾವಿಯ ಡಾಕ್ಟರಮ್ಮ ಮಾತ್ರ ಪ್ರತಿ ಸಲ ಒಂದೇ ಮಾತು ಹೇಳಿ ಕಳಿಸುತ್ತಿದ್ದರು: ನಿನ್ನದೆಲ್ಲ ಸರಿಯಿದೆ, ಗಂಡನನ್ನು ಕರೆದುಕೊಂಡು ಬಾ.

"ನನ್ನ ಮಗಗ ಪರೀಕ್ಷಾ?" ಎಂದು ಸಿದ್ದಲಿಂಗವ್ವ ಓಣಿಗೆಲ್ಲ ಕೇಳುವಂತೆ ನಕ್ಕಳು. "ವರ್ಷಾ ವರ್ಷಾ ಊರ ಮಂದಿ ಮುಂದ ಕೊಡಾಕ ಹತ್ತ್ಯಾನಲ್ಲ ಪರೀಕ್ಷಾ! ಗುಂಡು ಎತ್ತಾವಗ ಮತ್ಯಾವ ಪರೀಕ್ಷಾ?"

ಕಲ್ಮೇಶನೂ ಹಾಗೇ ತಿಳಿದಿದ್ದ. ಯಾಕೆಂದರೆ ಅವನ ಬಲದ ಗುಟ್ಟು ಅವನಿಗೆ ಗೊತ್ತಿತ್ತು. ಮದುವೆಯಾದ ಮರುವರ್ಷ ರಾಮದುರ್ಗದ ಹುಡುಗನೊಬ್ಬ ಅವನನ್ನು ಸೋಲಿಸುವುದೊಂದೇ ಬಾಕಿ ಉಳಿಸಿದ್ದ. ಆ ಸಂಕಟದಲ್ಲಿ ಇದೇ ವೀರಪ್ಪನ ಹತ್ತಿರ ಹೋಗಿದ್ದ. ವೀರಪ್ಪ ಕುದುರೆಯ ಚಿತ್ರವಿದ್ದ ಪೊಟ್ಟಣ ಕೈಗಿಟ್ಟು, "ಅಶ್ವಗಂಧಿ, ನೆಗ್ಗಿಲ ಮುಳ್ಳು, ಶಿಲಾಜಿತು. ಬರೇ ಗಿಡಮೂಲಿಕಿ ನೋಡು. ಗಂಡಸರ ಹಾರ್ಮೋನು ಹಿಂಗ ಉಕ್ಕತೈತಿ" ಎಂದು ಕೈ ಎತ್ತಿ ತೋರಿಸಿದ್ದ. ಒಂದೇ ತಿಂಗಳಲ್ಲಿ ಅಂಗಿಯ ತೋಳು ಬಿಗಿಯಾದವು. ಹಾಲಿನಲ್ಲಿ ಕಲಸಿ ಕುಡಿಯುವ ಆ ಪುಡಿಯನ್ನು ಅವನು ಅಂದಿನಿಂದ ಬಿಟ್ಟಿರಲಿಲ್ಲ. ಇಷ್ಟು ಹಾರ್ಮೋನು ಮೈಯಲ್ಲಿ ತುಂಬಿಕೊಂಡವನಿಗೆ ಮಕ್ಕಳಾಗುವುದಿಲ್ಲ ಎಂದರೆ ಅವನಾದರೂ ಹೇಗೆ ನಂಬಬೇಕು?

ಈ ವರ್ಷದ ಮೊದಲಿಗೆ ಸಿದ್ದಲಿಂಗವ್ವ ದೇಗಾಂವದಲ್ಲಿ ಒಂದು ಹೆಣ್ಣಿದೆ ಎಂದು ಮಾತು ತೆಗೆದಳು. ಮಹಾನಂದಾ ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಗಂಡನ ಎದುರು ಬಂದು ನಿಂತಳು.

"ಒಂದ ಸಲ ಡಾಕ್ಟರ ಕಡೆ ಬರ್ರಿ. ನಿಮ್ಮದು ಸರಿ ಐತಿ ಅಂತ ಬರಲಿ, ನಾನ ಮುಂದ ನಿಂತು ನಿಮ್ಮ ಎರಡನೇ ಮದುವಿ ಮಾಡಸ್ತೇನಿ."

ಪಂಥ ಕಟ್ಟಿದರೆ ಹಿಂಜರಿಯುವ ಆಸಾಮಿಯಲ್ಲ ಕಲ್ಮೇಶ. ಬೆಳಗಾವಿಗೆ ಹೋಗಿ ಕೇಳಿದ್ದನ್ನೆಲ್ಲ ಕೊಟ್ಟು ಬಂದ. ಶಿವರಾತ್ರಿ ಮುಗಿದ ಮೇಲೆ ರಿಪೋರ್ಟ್ ತರಲು ಒಬ್ಬನೇ ಹೋದ.

ಡಾಕ್ಟರಮ್ಮ ಕಾಗದ ನೋಡಿದರು, ಅವನ ತೋಳು ನೋಡಿದರು, ಮತ್ತೆ ಕಾಗದ ನೋಡಿದರು. "ವೀರ್ಯದಾಗ ಕಣಾನ ಇಲ್ಲ. ಏನ್ ತಗೋತೀರಿ ನೀವು?"

ಅವನು ಜಂಬದಿಂದಲೇ ಪುಡಿಯ ಹೆಸರು ಹೇಳಿದ. ಬರೀ ಬೇರು, ಬರೀ ಮುಳ್ಳು ಎಂದೂ ಸೇರಿಸಿದ.

"ಬೇರಿನಿಂದ ಇಂಥಾ ತೋಳು ಬರೂದಿಲ್ಲ," ಎಂದರು ಅವರು. "ಅಶ್ವಗಂಧದಿಂದ ಕೆಲವರಿಗೆ ಚೂರು ತಾಕತ್ತು ಹೆಚ್ಚಾಗಬಹುದು, ನೆಗ್ಗಿಲ ಮುಳ್ಳಿನಿಂದ ಅದೂ ಹೇಳಾಕ ಬರೂದಿಲ್ಲ. ನಿಮ್ಮ ರಕ್ತ ನೋಡಿದ್ರ ಆ ಪುಡಿಯೊಳಗ ಯಾರೋ ಗಂಡಸರ ಹಾರ್ಮೋನನ್ನ ಬೆರಸ್ಯಾರ ಅನಸ್ತದ. ಹೊರಗಿಂದ ಅಷ್ಟು ಬಂದು ಬಿದ್ರ ಮೈ ತನ್ನ ಕೆಲಸ ನಿಲ್ಲಸ್ತದ. ತೋಳು ಬೆಳಿತಾವ, ಬೀಜ ಒಣಗತದ. ಇವತ್ತಿಂದನ ಬಿಡ್ರಿ. ಆರು ತಿಂಗಳಕ್ಕ ಕಣ ತಿರುಗಿ ಬರಬಹುದು, ವರ್ಷ ಹಿಡೀಬಹುದು. ಬರದನೂ ಇರಬಹುದು. ನಡುವ ತಪ್ಪದ ಬಂದು ತೋರಸ್ರಿ."

ಬಸ್ಸಿನಲ್ಲಿ ಅವನಿಗೆ ಕೂರಲಾಗಲಿಲ್ಲ. ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಬಂದ. ಊರಲ್ಲಿಳಿದವನು ನೇರ ವೀರಪ್ಪನ ಮನೆಗೆ ನುಗ್ಗಿ ಕೊರಳಪಟ್ಟಿ ಹಿಡಿದ.

"ನನಗೇನ ಗೊತ್ತೋ ಮಾರಾಯಾ! ದೊಡ್ಡ ಡಬ್ಬಿ ಎಲ್ಲಿಂದಲೋ ಬರತೈತಿ, ನಾ ಪೊಟ್ಟಣ ಕಟ್ಟಿ ಮಾರತೇನಿ," ಎಂದು ವೀರಪ್ಪ ಒದ್ದಾಡಿದ. "ಕೆಲಸಾ ಮಾಡೇತೋ ಇಲ್ಲೋ, ಅದನ್ನ ಹೇಳು!"

ಮಾಡಿತ್ತು. ಅದೇ ಆಗಿದ್ದ ಅನಾಹುತ. ಕೆಲಸಕ್ಕೆ ಬಾರದ ಮಣ್ಣು ಕೊಟ್ಟಿದ್ದರೆ ಇವನಿಗೆ ಇಷ್ಟರಲ್ಲಿ ಎರಡು ಮಕ್ಕಳಾಗಿರುತ್ತಿದ್ದವೋ ಏನೋ. ಕಲ್ಮೇಶ ಕೈ ಬಿಟ್ಟು ಹೊರಗೆ ಬಂದ.

ಮನೆಯ ಬಾಗಿಲಲ್ಲಿ ಮಹಾನಂದಾ ಕಾಯುತ್ತಿದ್ದಳು. "ಏನಂದ್ರು?"

"ಸರಿ ಐತಂತ," ಎಂದುಬಿಟ್ಟ.

ಹೇಳಿದ ಮೇಲೆ ತಪ್ಪು ಹೊಳೆಯಿತು. ಆದರೆ ಬಾಯಿಂದ ಬಿದ್ದದ್ದನ್ನು ಎತ್ತಿಕೊಳ್ಳುವ ಬಲ ಅವನಿಗಿರಲಿಲ್ಲ. ಪುಡಿ ಬಿಡೋಣ, ಮೈ ಸರಿಯಾಗಲಿ, ಯಾರಿಗೂ ತಿಳಿಯದೆ ಎಲ್ಲ ಮುಗಿದುಹೋಗಲಿ ಎಂದುಕೊಂಡ. ಮಹಾನಂದಾ ಮಾತ್ರ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಆ ದಿನದಿಂದ ಅವಳ ದನಿಯೇ ಅಡಗಿತು. ದೇಗಾಂವದ ಮಾತಿಗೆ ಅತ್ತೆಗೆ ಹೂಂ ಎಂದಳು. ಕಾರಹುಣ್ಣಿಮೆ ಕಳೆದು ಹೆಣ್ಣು ನೋಡುವುದೆಂದು ಠರಾವಾಯಿತು.

ಪುಡಿ ಬಿಟ್ಟ ಮೇಲೆ ಕಲ್ಮೇಶನ ಮೈಯಿಂದ ಕಸುವು ಸೋರತೊಡಗಿತು. ಕೂತರೆ ಏಳಬೇಕು, ಎದ್ದರೆ ಎಲ್ಲಿಗೋ ಹೋಗಬೇಕು, ಹೋದರೆ ತಿರುಗಿ ಬರಬೇಕು. ಚಹಾ ಅರ್ಧಕ್ಕೆ ಬಿಟ್ಟು ಏಳುತ್ತಿದ್ದ. ಯಾರ್ಡಿನಲ್ಲಿ ಒಂದು ಚೀಲಕ್ಕೇ ತೇಕು ಬರುತ್ತಿತ್ತು. ಹಮಾಲರ ಮುಕಾದಮ ಭರಮಪ್ಪ "ಯಾಕೋ, ಜ್ವರಾ ಬಂದಾವೇನು?" ಎಂದು ಕೇಳಿದ್ದಕ್ಕೆ ಹರಿದು ತಿನ್ನುವಂತೆ ಮೈಮೇಲೆ ಹೋದ. ಎಲ್ಲಕ್ಕಿಂತ ಕಷ್ಟದ್ದು ಬೆಳಗಿನ ಹೊತ್ತು. ಮಹಾನಂದಾ ಒಲೆಯ ಮುಂದೆ ಕುಳಿತು, ಮೂಗು ಹಿಡಿದು, ಕಷಾಯ ಗಂಟಲಿಗೆ ಸುರಿದುಕೊಳ್ಳುವಳು. ಎರಡನೆಯವಳು ಬರುವ ಮೊದಲು ತನಗೇ ಒಂದು ಆಗಿಬಿಡಲಿ ಎಂಬ ಆಸೆ ಅವಳಿಗೆ ಬಿಟ್ಟಿರಲಿಲ್ಲ. ಅದರಲ್ಲಿ ಏನು ಬೆರೆಸಿದ್ದಾರೋ ಶಿವನಿಗೇ ಗೊತ್ತು. ಬೇಡ ಕುಡಿಯಬೇಡ ಎನ್ನಲು ಅವನ ಬಾಯಿ ತೆರೆಯುತ್ತಿತ್ತು. ಯಾಕೆ ಬೇಡ ಎಂದು ಅವಳು ಕೇಳಿದರೆ? ಬಾಯಿ ಮುಚ್ಚಿ ಅಂಗಿ ಹಾಕಿಕೊಂಡು ಹೊರಬೀಳುತ್ತಿದ್ದ. ಇಂಥ ಹೇಡಿಗೆ ಊರು ಬೆಳ್ಳಿ ಕಡಗ ತೊಡಿಸಿತ್ತು.

ಕಾರಹುಣ್ಣಿಮೆ ಬಂತು. ಈ ಸಲ ನಾನು ಎತ್ತುವುದಿಲ್ಲ ಎಂದರೆ ಯಾಕೆ ಎನ್ನುವ ಪ್ರಶ್ನೆ ಏಳುತ್ತದಲ್ಲ, ಅದಕ್ಕೆ ಹೆದರಿ ಬಯಲಿಗೆ ಹೋದ. ಜನ ಜಾತ್ರೆಯಂತೆ ನೆರೆದಿತ್ತು. ಹಲಗೆಯವರು ಅವನ ಹೆಸರು ಕೂಗಿ ಬಾರಿಸಿದರು. ಕಲ್ಲಿಗೆ ಕೈ ಮುಗಿದು ತಬ್ಬಿದ. ಮೊಣಕಾಲಿಗೆ ಬಂತು. ಎದೆಗೆ ಬರುವಷ್ಟರಲ್ಲಿ ತೊಡೆ ಗಡಗಡ ನಡುಗಿ, ಕಲ್ಲು ಜಾರಿ ಕಾಲ ಪಕ್ಕದಲ್ಲೇ ಬಿತ್ತು. ಎರಡನೇ ಸಲ ಮೊಣಕಾಲಿಗೂ ಏರಲಿಲ್ಲ. ಹಲಗೆ ನಿಂತಿತು. ಯಾರೋ ಸೀಟಿ ಹೊಡೆದರು.

ಸಿದ್ದಲಿಂಗವ್ವ ಹೆಂಗಸರ ಗುಂಪಿನಿಂದ ಎದ್ದು, ಪಕ್ಕದಲ್ಲಿದ್ದ ಸೊಸೆಯ ಕಡೆ ಕೈ ಮಾಡಿ ಚೀರಿದಳು. "ಈ ಬಂಜಿ ಕಣ್ಣ ತಾಗಿ ನನ್ನ ಮಗನ ಕಸುವು ಹೋತ್ರಿ! ಎಬ್ಬಸ್ರಿ ಇಕಿನ್ನ ಇಲ್ಲಿಂದ!"

ಮಹಾನಂದಾ ಸೆರಗು ಎಳೆದುಕೊಂಡು ಏಳತೊಡಗಿದಳು. ಆಗ ಕಲ್ಮೇಶನ ಹೊಟ್ಟೆಯಿಂದ ದನಿ ಹೊರಟಿತು.

"ಯವ್ವಾ, ಸುಮ್ಮಕಿರು! ಅಕಿಗೇನೂ ಆಗಿಲ್ಲ. ದೋಷ ನಂದು. ಆ ಪುಡಿ ತಿಂದು ನನ್ನ ಬೀಜ ಒಣಗೇತಿ, ಡಾಕ್ಟರ ಹೇಳ್ಯಾರ. ದೇಗಾಂವದಾಕಿ ಬಂದ್ರೂ ಇಷ್ಟ, ಯಾರ ಬಂದ್ರೂ ಇಷ್ಟ!"

ಒಬ್ಬ ಕಿಸಕ್ಕೆಂದು ನಕ್ಕ, ಭರಮಪ್ಪ ಅವನ ನೆತ್ತಿಗೊಂದು ಬಿಟ್ಟ. ಸಿದ್ದಲಿಂಗವ್ವ ನಿಂತಲ್ಲೇ ಕುಸಿದು ಕುಳಿತಳು. ಮಹಾನಂದಾ ಯಾರ ಮುಖವನ್ನೂ ನೋಡದೆ ಮನೆಯ ದಾರಿ ಹಿಡಿದಳು.

ಸ್ವಲ್ಪ ಹೊತ್ತಿಗೆ ಕಲ್ಮೇಶನೂ ಹೊರಟ. ನಾಚಿಕೆಯಾಗಿತ್ತು, ನಿಜ. ಆದರೆ ಎದೆಯ ಮೇಲಿನ ಭಾರ ಇಳಿದು ಮೈ ಹಗುರಾಗಿತ್ತು. ಎಷ್ಟು ಗಂಡಸರು ಊರೆದುರು ಇಂಥ ಮಾತು ಆಡಿಯಾರು? ಅವಳು ಅಳಬಹುದು, ತಾನು ಸಮಾಧಾನ ಮಾಡಬೇಕು, ಬೆಳಗಾವಿಗೆ ಇನ್ನು ಇಬ್ಬರೂ ಕೂಡಿಯೇ ಹೋಗಬೇಕು ಎಂದೆಲ್ಲ ಮನಸ್ಸಿನಲ್ಲೇ ಕಟ್ಟಿಕೊಂಡು ಹೊಸ್ತಿಲು ದಾಟಿದ.

ಮಹಾನಂದಾ ಅಳುತ್ತಿರಲಿಲ್ಲ. ಗೋಡೆಗೆ ಒರಗಿ ನಿಂತಿದ್ದಳು.

"ಯಾವಾಗ ಗೊತ್ತಾತು ನಿಮಗ?"

"ಶಿವರಾತ್ರಿ ಆದ ಮ್ಯಾಲ. ರಿಪೋರ್ಟ್ ತಂದ ದಿನಾನ."

ಅವಳು ತಲೆಯಾಡಿಸಿದಳು, ಅಷ್ಟು ಅವಳಿಗೆ ಆಗಲೇ ಹೊಳೆದಿತ್ತು. "ಅಷ್ಟ ಮಂದಿ ಮುಂದ ಹೇಳಾಕ ಬಂತಲ್ರಿ ನಿಮಗ," ಎಂದಳು ಮೆಲ್ಲಗೆ. "ನನ್ನೊಬ್ಬಾಕಿ ಮುಂದ ಯಾಕ ಹೇಳಾಕ ಬರಲಿಲ್ಲ?"

ಕಲ್ಮೇಶ ಹೆದರಿಕೆ ಎನ್ನಬಹುದಿತ್ತು, ನಾಚಿಕೆ ಎನ್ನಬಹುದಿತ್ತು, ಯಾವುದೂ ಅವಳೆದುರು ಇಡುವ ಹಾಗಿರಲಿಲ್ಲ. ಮಹಾನಂದಾ ಗೂಟದಲ್ಲಿದ್ದ ಚೀಲ ತೆಗೆದುಕೊಂಡು ತವರೂರು ಸಂಪಗಾಂವದ ಬಸ್ಸಿಗೆ ಹೊರಟಳು.